ವಿಷ ಅರಗಿಸಿಕೊಂಡ ಕುದುರೆ

ಏಣಿಲು ಬೆಳೆಗೆ ನೇಜಿ ನೆಡುವ ದಿನಗಳು. ಕಾರ್ಕಳದ ಕಡೆಯ ಯಾವುದೋ ಒಂದು ಹಳ್ಳಿ ಎಂದು ಇಟ್ಟುಕೊಳ್ಳಿ. ಬೆಳಗಿನಿಂದ ಗದ್ದೆಯಲ್ಲಿದ್ದವರು ಮುಸ್ಸಂಜೆಯ ಹೊತ್ತಿಗೆ ಹುಣಿಯ ಮೇಲೆ ಬರಿಗಾಲಲ್ಲಿ ಮನೆಗೆ ಬರುತ್ತಿದ್ದಾರೆ. ಹುಲ್ಲಿನ ನಡುವೆ ಏನೋ ಕುಕ್ಕರಿನಂತೆ ಬುಸ್ಸೆಂದ ಸದ್ದು, ಮರುಕ್ಷಣ ಪಾದದ ಮೇಲೆ ಬೆಂಕಿ ಇಟ್ಟಂಥ ಉರಿ. ಕಚ್ಚಿದ್ದು ಕೊಳಕು ಮಂಡಲ. ಕರಾವಳಿಯಲ್ಲಿ ಕನ್ನಡಿ ಹಾವು ಎನ್ನುವುದೂ ಇದನ್ನೇ. ಅರ್ಧ ಗಂಟೆಯಲ್ಲಿ ಪಾದ ಬಾತು, ಗಾಯದ ಎರಡು ಚುಕ್ಕಿಗಳಿಂದ ರಕ್ತ ಒಸರುವುದು ನಿಲ್ಲುವುದೇ ಇಲ್ಲ. ನೆರೆಮನೆಯವರು ರಿಕ್ಷಾ ತರುತ್ತಾರೆ. ಆಸ್ಪತ್ರೆಯಲ್ಲಿ ದಾದಿ ಒಂದು ಪುಟ್ಟ ಸೀಸೆ ತೆರೆಯುತ್ತಾರೆ. ಅದರ ತಳದಲ್ಲಿ ಉಪ್ಪಿನ ಹುಡಿಯಂಥ ಬಿಳಿ ಪದಾರ್ಥ. ಶುದ್ಧ ನೀರು ಹಾಕಿ ಮೆಲ್ಲನೆ ಆಡಿಸಿದರೆ ಅದು ಕರಗುತ್ತದೆ. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಹಾಗಾಗಿ ಅವಸರ ಎಷ್ಟೇ ಇದ್ದರೂ ಕೈ ನಿಧಾನವಾಗಿಯೇ ಆಡಬೇಕು. ಇಂಥ ಹತ್ತು ಸೀಸೆಗಳ ಮದ್ದು ಸಲೈನ್‌ನೊಂದಿಗೆ ಸೇರಿ ರೋಗಿಯ ರಕ್ತನಾಳಕ್ಕೆ ಇಳಿಯುತ್ತದೆ.

ಆ ಬಿಳಿ ಹುಡಿ ಬಂದದ್ದು ಒಂದು ಕುದುರೆಯ ರಕ್ತದಿಂದ. ಹಾವಿನ ವಿಷವನ್ನು ತನ್ನ ಮೈಗೆ ಹತ್ತಾರು ಸಲ ತೆಗೆದುಕೊಂಡು, ಪ್ರತಿಸಲವೂ ಚೇತರಿಸಿಕೊಂಡ ಕುದುರೆಯ ರಕ್ತ ಅದು.

ಉಡುಪಿ ಜಿಲ್ಲೆಯ ಮಕ್ಕಳಿಗೆ ಕುದುರೆ ಅಷ್ಟು ಪರಿಚಿತ ಪ್ರಾಣಿಯಲ್ಲ. ಇಲ್ಲಿಯ ಗದ್ದೆಯದು ಕೋಣ, ಎತ್ತು. ಓಟಕ್ಕೂ ನಮಗೆ ಕಂಬಳದ ಕೋಣವೇ. ವಿಜಯನಗರದ ಕಾಲದಲ್ಲಿ ಅರೇಬಿಯದಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಹೋಗುತ್ತಿದ್ದವು, ಕರಾವಳಿಯಲ್ಲಿ ನಿಲ್ಲುತ್ತಿರಲಿಲ್ಲ. ಈ ತೇವದ ಹವೆ ಅವಕ್ಕೆ ಒಗ್ಗುವಂಥದ್ದೂ ಅಲ್ಲ. ಇಂದು ಕುದುರೆ ನಮ್ಮ ಜಿಲ್ಲೆಗೆ ಬರುವುದು ಬಹುಮಟ್ಟಿಗೆ ಈ ಸೀಸೆಯೊಳಗೆ. ಕಾಪುವಿನ ಮೀನುಗಾರರ ಮನೆಯ ಮಗುವಿಗೂ ಕಾರ್ಕಳದ ರಬ್ಬರ್ ತೋಟದ ಕೂಲಿಯವರಿಗೂ ಅಷ್ಟೇ ನಿರ್ವಂಚನೆಯಿಂದ ಅದು ಸಲ್ಲುತ್ತದೆ.

ಕುದುರೆಗೇ ಕಚ್ಚಿದರೆ?

ಹಾಗಾದರೆ ಕುದುರೆಗೆ ಹಾವಿನ ವಿಷ ಹತ್ತುವುದಿಲ್ಲವೆ? ಹಲವರು ಹಾಗೆ ತಿಳಿದಿದ್ದಾರೆ, ಅದು ತಪ್ಪು. ಮುಂಗುಸಿಯ ವಿಷಯ ಬೇರೆ. ನರದ ಆಜ್ಞೆಯನ್ನು ಸ್ನಾಯು ಸ್ವೀಕರಿಸುವ ಜಾಗದಲ್ಲಿರುವ ಪ್ರೋಟೀನ್ ಮುಂಗುಸಿಯಲ್ಲಿ ತುಸು ಬೇರೆ ರೂಪದ್ದು. ನಾಗರಹಾವಿನ ವಿಷದ ಮುಖ್ಯ ಅಂಶ ಅಲ್ಲಿ ಸರಿಯಾಗಿ ಅಂಟಿಕೊಳ್ಳಲಾರದು. ಕುದುರೆಗೆ ಹುಟ್ಟಿನಿಂದ ಬಂದ ಇಂಥ ರಕ್ಷೆ ಯಾವುದೂ ಇಲ್ಲ. ಅದಕ್ಕಿರುವ ಅನುಕೂಲ ಒಂದೇ, ದೇಹದ ತೂಕ. ಕೊಳಕು ಮಂಡಲ ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂನಷ್ಟು ವಿಷ ಬಿಡುತ್ತದೆ ಎಂಬುದು ವೈದ್ಯರು ಬಳಸುವ ಲೆಕ್ಕ. 60 ಕಿಲೊ ತೂಕದ ಮನುಷ್ಯನಲ್ಲಿ ಅದು ಕಿಲೊಗೆ ಒಂದು ಮಿಲಿಗ್ರಾಂಗಿಂತ ತುಸು ಹೆಚ್ಚು. 400 ಕಿಲೊ ತೂಗುವ ಕುದುರೆಯಲ್ಲಿ ಅಷ್ಟೇ ವಿಷ ಹರಡಿದರೆ ಕಿಲೊಗೆ ಬರುವುದು 0.16 ಮಿಲಿಗ್ರಾಂ ಮಾತ್ರ. ಇಪ್ಪತ್ತು ಕಿಲೊ ತೂಕದ ಮಗುವಿನಲ್ಲಿ? ಲೆಕ್ಕವನ್ನು ಮಕ್ಕಳೇ ಮಾಡಿ ನೋಡಲಿ. ಹಾವಿಗೆ ಎದುರಿರುವುದು ಮಗುವೋ ದೊಡ್ಡವರೋ ಎಂಬ ಭೇದವಿಲ್ಲ. ಆದ್ದರಿಂದಲೇ ಮಕ್ಕಳಿಗೂ ದೊಡ್ಡವರಷ್ಟೇ ಪ್ರತಿವಿಷ ಕೊಡುತ್ತಾರೆ. 'ಸಣ್ಣ ಮಗುವಿಗೆ ಇಷ್ಟೊಂದು ಮದ್ದೇ?' ಎಂದು ಗಾಬರಿಯಾಗುವ ತಂದೆತಾಯಿಗಳು ಇದನ್ನು ತಿಳಿದಿರಬೇಕು. ಮದ್ದಿನ ಪ್ರಮಾಣ ಮಗುವಿನ ತೂಕಕ್ಕಲ್ಲ, ಒಳಹೋದ ವಿಷಕ್ಕೆ.

ಕುದುರೆಗೆ ಹಾವು ಹೆಚ್ಚಾಗಿ ಕಚ್ಚುವುದು ಮೂತಿಗೆ. ಮೇಯುವಾಗ ಹುಲ್ಲಿನಲ್ಲಿ ಮಿಸುಕಿದ್ದನ್ನು ಮೂಸಿ ನೋಡುವ ಕುತೂಹಲ ಅದರ ಸ್ವಭಾವ. ಕುದುರೆ ಬಾಯಿಯಿಂದ ಉಸಿರಾಡಲಾರದು, ಮೂಗಿನಿಂದ ಮಾತ್ರ. ಮೂತಿ ಬಾತು ಹೊಳ್ಳೆಗಳು ಮುಚ್ಚಿಕೊಂಡರೆ ವಿಷ ಕೊಲ್ಲುವ ಮೊದಲು ಉಸಿರುಕಟ್ಟಿಯೇ ಸಾಯಬಹುದು. ಪಶುವೈದ್ಯರು ಅಂಥ ಕುದುರೆಯ ಹೊಳ್ಳೆಗಳಿಗೆ ನಳಿಕೆ ಇಳಿಸಿ ಉಸಿರಿನ ದಾರಿ ಉಳಿಸಿಕೊಳ್ಳುತ್ತಾರೆ.

ಕಾಲಿಗೆ ಕಚ್ಚಿದರೆ ಜೀವಾಪಾಯ ಸಾಮಾನ್ಯವಾಗಿ ಅಷ್ಟಿರುವುದಿಲ್ಲ, ಆದರೆ ಗುಣವಾಗುವುದು ಬಹಳ ತಡ. ಕುದುರೆಯ ಕಾಲನ್ನು ಹತ್ತಿರದಿಂದ ನೋಡಿದವರಿಗೆ ಕಾರಣ ಗೊತ್ತಾಗುತ್ತದೆ. ಮಂಡಿಯಿಂದ ಕೆಳಗೆ ಅಲ್ಲಿ ಮಾಂಸವೇ ಇಲ್ಲ. ಎಲುಬು, ಅದರ ಮೇಲೆ ಹಗ್ಗದಂಥ ಸ್ನಾಯುರಜ್ಜು, ಮೇಲೆ ಚರ್ಮ, ಅಷ್ಟೆ. ಬಾವು ಹರಡಿಕೊಳ್ಳಲು ಎಡೆಯಿಲ್ಲ, ರಕ್ತದ ಹರಿವೂ ಕಡಿಮೆ. ಮಂಡಲ ಜಾತಿಯ ಹಾವಿನ ವಿಷ ಚರ್ಮವನ್ನು ಕೊಳೆಸಿದಾಗ ಅದು ತೇಪೆ ತೇಪೆಯಾಗಿ ಕಳಚುತ್ತದೆ, ಹುಣ್ಣು ಮಾಯುವಾಗ ಬೇಡದ ಮಾಂಸ ಉಬ್ಬಿ ಬೆಳೆಯುತ್ತದೆ. ಗಾಯಕ್ಕೆ ಮಣ್ಣಿನಿಂದ ಧನುರ್ವಾಯುವಿನ ಬ್ಯಾಕ್ಟೀರಿಯ ಸೇರಿದರೆ ಇನ್ನೊಂದು ಕಷ್ಟ, ಏಕೆಂದರೆ ಸಾಕುಪ್ರಾಣಿಗಳಲ್ಲಿ ಆ ರೋಗಕ್ಕೆ ಅತಿ ಸುಲಭವಾಗಿ ತುತ್ತಾಗುವುದು ಕುದುರೆಯೇ. ಇಷ್ಟಕ್ಕೂ ಮುಗಿಯಲಿಲ್ಲ. ನೋಯುವ ಕಾಲನ್ನು ಎತ್ತಿ ಹಿಡಿದು ಮೂರು ಕಾಲಲ್ಲಿ ನಿಂತ ಕುದುರೆಯ ಭಾರವೆಲ್ಲ ಜೊತೆಯ ಕಾಲಿನ ಮೇಲೆ ಬಿದ್ದು ಆ ಗೊರಸಿನ ಒಳಪದರ ಉರಿಯೂತಕ್ಕೆ ಸಿಕ್ಕುತ್ತದೆ. ಹಾವು ಮುಟ್ಟದೇ ಇದ್ದ ಕಾಲು ಕೆಡುವುದು ಹೀಗೆ.

ಆದರೂ ಹೆಚ್ಚಿನ ಕುದುರೆಗಳು ಬದುಕುತ್ತವೆ. ಅಮೆರಿಕದಲ್ಲಿ ಗಿಲಕಿ ಹಾವು ಕಚ್ಚಿ ಆಸ್ಪತ್ರೆಗೆ ಬಂದ ಕುದುರೆಗಳ ದಾಖಲೆಗಳಲ್ಲಿ ಬಹುಪಾಲಿನವು ಉಳಿದುಕೊಂಡಿವೆ. ಕೊಡುವ ಚಿಕಿತ್ಸೆ ಮನುಷ್ಯರಿಗೆ ಕೊಡುವಂಥದ್ದೇ: ಪ್ರತಿವಿಷ, ಸಲೈನ್, ನೋವಿಗೆ ಮದ್ದು, ಧನುರ್ವಾಯು ನಿರೋಧಕ ಚುಚ್ಚುಮದ್ದು, ಗಾಯದ ಆರೈಕೆ. ಆಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ವಿಶ್ರಾಂತಿ. ವಿಷ ಹೃದಯದ ಸ್ನಾಯುವಿಗೂ ತಗಲಿರಬಹುದಾದ್ದರಿಂದ ಕಾಲಿನ ಬಾವು ಇಳಿಯಿತೆಂದು ಕೂಡಲೇ ಓಡಿಸುವಂತಿಲ್ಲ. ಕುದುರೆಗೆ ಕೊಡುವ ಪ್ರತಿವಿಷವೂ ಇನ್ನೊಂದು ಕುದುರೆಯ ರಕ್ತದಿಂದಲೇ ಬಂದದ್ದಾಗಿರುತ್ತದೆ ಎಂಬುದೊಂದು ಸೋಜಿಗ. ನಮ್ಮಲ್ಲಿ ಗುಡ್ಡೆಯಲ್ಲಿ ಮೇಯುವಾಗ ಹಾವು ಕಚ್ಚಿಸಿಕೊಂಡ ದನಕ್ಕೆ ಪಶುವೈದ್ಯರು ಹಾಕುವುದೂ ಅದನ್ನೇ.

ನೆರೆ ಬಂದ ಊರಿನ ಹತ್ತೊಂಬತ್ತು ಹಾವುಗಳು

ವಿಷವನ್ನು ವಿಷದಿಂದಲೇ ಗೆಲ್ಲಬಹುದು ಎಂದು ಮೊದಲು ತೋರಿಸಿದ್ದು ಕುದುರೆಯಲ್ಲಲ್ಲ, ಪಾರಿವಾಳದಲ್ಲಿ. 1887ರಲ್ಲಿ ಅಮೆರಿಕದ ಹೆನ್ರಿ ಸೆವಾಲ್ ಪಾರಿವಾಳಗಳಿಗೆ ಗಿಲಕಿ ಹಾವಿನ ವಿಷವನ್ನು ಚೂರು ಚೂರೇ ಹೆಚ್ಚಿಸುತ್ತ ಚುಚ್ಚಿದ. ಮೊದಲಾಗಿದ್ದರೆ ಸಾಯಿಸುತ್ತಿದ್ದ ಪ್ರಮಾಣವನ್ನೂ ಅವು ಕೊನೆಗೆ ತಾಳಿಕೊಂಡವು. ಅದರ ಕಾರಣ ಆತನಿಗೆ ತಿಳಿದಿರಲಿಲ್ಲ. 1890ರಲ್ಲಿ ಬರ್ಲಿನ್‌ನಲ್ಲಿ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಅವರು ಧನುರ್ವಾಯು, ಗಂಟಲಮಾರಿಗಳ ವಿಷವನ್ನು ಅಡಗಿಸುವ ವಸ್ತು ರಕ್ತದ ದ್ರವಭಾಗದಲ್ಲಿದೆ, ಅದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸಬಹುದು ಎಂದು ತೋರಿಸಿದರು. ನಾವು ಇಂದು ಪ್ರತಿಕಾಯಗಳು ಎನ್ನುವುದು ಅದನ್ನೇ.

ಹಾವಿನ ವಿಷದ ಕಡೆಗೆ ಇದನ್ನು ತಿರುಗಿಸಿದವರಲ್ಲಿ ಪ್ರಮುಖ ಆಲ್ಬರ್ಟ್ ಕಾಲ್ಮೆಟ್. 1891ರಲ್ಲಿ ಈತ ಇಂದಿನ ವಿಯೆಟ್ನಾಮಿನ ಸೈಗಾನಿನಲ್ಲಿದ್ದ ಎಳೆಯ ಪ್ರಾಯದ ಫ್ರೆಂಚ್ ವೈದ್ಯ. ಆ ಅಕ್ಟೋಬರ್‌ನ ಮಳೆಯಲ್ಲಿ ಬಾಕ್‌ಲಿಯೂ ಎಂಬಲ್ಲಿಯ ಹಳ್ಳಿಗೆ ನೆರೆ ನುಗ್ಗಿತು, ಬಿಲಗಳಿಂದ ಹೊರಬಿದ್ದ ನಾಗರಹಾವುಗಳು ಮನೆಗಳನ್ನು ಹೊಕ್ಕವು. ನಲವತ್ತು ಮಂದಿಗೆ ಕಚ್ಚಿ ನಾಲ್ವರು ಸತ್ತರು. ಸ್ಥಳೀಯನೊಬ್ಬ ಹತ್ತೊಂಬತ್ತು ಹಾವುಗಳನ್ನು ಹಿಡಿದು ಪೀಪಾಯಿಗೆ ತುಂಬಿಸಿದ, ಆ ಪೀಪಾಯಿ ಕಾಲ್ಮೆಟ್‌ನ ಪ್ರಯೋಗಾಲಯಕ್ಕೆ ಬಂತು. ನಮ್ಮ ಕರಾವಳಿಯವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟಿಯ ಮಳೆಗೆ ನೀರು ತುಂಬಿದ ಬಿಲದಿಂದ ಹೊರಟ ಹಾವು ಹಟ್ಟಿಗೋ ಕಟ್ಟಿಗೆಯ ರಾಶಿಗೋ ಬಂದು ಸೇರುವುದು ಇಲ್ಲಿ ವರ್ಷವರ್ಷದ ಮಾತು.

1894ರಲ್ಲಿ ಪ್ಯಾರಿಸ್‌ನಲ್ಲಿ ಫಿಸಾಲಿಕ್ಸ್ ಮತ್ತು ಬರ್ಟ್ರಾಂಡ್ ಒಂದು ಕಡೆಯಿಂದ, ಕಾಲ್ಮೆಟ್ ಇನ್ನೊಂದು ಕಡೆಯಿಂದ ಹಾವಿನ ವಿಷಕ್ಕೆ ಪ್ರತಿವಿಷ ಸಾಧ್ಯವೆಂದು ಪ್ರಕಟಿಸಿದರು. ಲಿಲ್ ನಗರಕ್ಕೆ ಹೋದ ಕಾಲ್ಮೆಟ್ ಕುದುರೆಗಳನ್ನು ಬಳಸಿ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ತಯಾರಿಸತೊಡಗಿದ. ಈತನ ಹೆಸರು ನಮ್ಮ ಮನೆಮನೆಯಲ್ಲೂ ಇದೆ, ಆದರೆ ಯಾರೂ ಗಮನಿಸುವುದಿಲ್ಲ. ಹುಟ್ಟಿದ ಮಗುವಿನ ತೋಳಿಗೆ ಕೊಡುವ ಬಿ.ಸಿ.ಜಿ. ಲಸಿಕೆಯಲ್ಲಿ ನಡುವಿನ ಅಕ್ಷರ ಕಾಲ್ಮೆಟ್‌ನದು.

ಇಷ್ಟು ದೊಡ್ಡ ವಿಜ್ಞಾನಿ ಒಂದು ದೊಡ್ಡ ತಪ್ಪನ್ನೂ ಮಾಡಿದ. ನಾಗರಹಾವಿನ ವಿಷದಿಂದ ತಯಾರಾದ ತನ್ನ ಪ್ರತಿವಿಷ ಎಲ್ಲ ಹಾವುಗಳ ವಿಷಕ್ಕೂ ಆಗುತ್ತದೆ ಎಂದು ಆತ ನಂಬಿದ್ದ. ಬ್ರೆಜಿಲಿನಲ್ಲಿ ವಿಟಾಲ್ ಬ್ರಜಿಲ್ ಎಂಬ ವೈದ್ಯ ತನ್ನ ಊರಿನ ಹಾವುಗಳಿಗೆ ಅದು ಉಪಯೋಗವಿಲ್ಲವೆಂದು ಕಂಡುಕೊಂಡು ಅಲ್ಲಿಯ ಹಾವುಗಳಿಂದಲೇ ಪ್ರತಿವಿಷ ಮಾಡಿದ. ಭಾರತದಲ್ಲಿ, ಮುಂಬಯಿಯ ಪ್ಲೇಗ್ ಸಂಶೋಧನಾಲಯದಲ್ಲಿ ಜಾರ್ಜ್ ಲ್ಯಾಂಬ್ ಕೂಡ 1900ರ ನಂತರದ ಕೆಲವೇ ವರ್ಷಗಳಲ್ಲಿ ನಾಗರಹಾವಿನ ಪ್ರತಿವಿಷ ಕೊಳಕು ಮಂಡಲದ ವಿಷವನ್ನು ತಡೆಯದೆಂದು ತೋರಿಸಿದ. ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂಬ ಹೆಸರು ಬಂತು. ಕುದುರೆಯ ರಕ್ತ ತನಗೆ ಪರಿಚಯವಾದ ವಿಷವನ್ನು ಮಾತ್ರ ಗುರುತಿಸುತ್ತದೆ ಎಂಬ ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನೂರು ವರ್ಷ ಕಳೆದ ಮೇಲೂ ಕಾರ್ಕಳ, ಹೆಬ್ರಿಯ ತೋಟಗಳಲ್ಲಿ ಅದು ತೊಡಕಾಗಿ ಎದುರಾಗುತ್ತಿದೆ.

ಲಾಯದಲ್ಲಿ ನಡೆಯುವುದು

ಮದ್ದಿನ ಕತೆ ಕುದುರೆಯಿಂದಲ್ಲ, ಚೆನ್ನೈ ಸಮೀಪದ ವಡನೆಮ್ಮೇಲಿಯಿಂದ ಶುರುವಾಗುತ್ತದೆ. ಅಲ್ಲಿ 1978ರಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿತು. ಹಾವಿನ ಚರ್ಮದ ವ್ಯಾಪಾರ ಕಾನೂನಿನಿಂದ ನಿಂತ ಮೇಲೆ ಕಸುಬು ಕಳೆದುಕೊಂಡಿದ್ದ ಇರುಳರನ್ನು ರೋಮುಲಸ್ ವಿಟೇಕರ್ ವಿಷ ತೆಗೆಯುವ ಕೆಲಸಕ್ಕೆ ತಿರುಗಿಸಿದರು. ಇದೇ ವಿಟೇಕರ್ 2005ರಲ್ಲಿ ನಮ್ಮ ಘಟ್ಟದ ಮೇಲಿನ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನೂ ಸ್ಥಾಪಿಸಿದರು. ಇರುಳರು ಹಿಡಿದು ತಂದ ಹಾವನ್ನು ಕೆಲವು ವಾರ ಮಡಕೆಯಲ್ಲಿಟ್ಟು, ಆಗಾಗ ವಿಷ ತೆಗೆದು, ಮತ್ತೆ ಬಯಲಿಗೆ ಬಿಡುತ್ತಾರೆ. ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಬಂದಿರುವುದು ಇವರ ಕೈಯಿಂದ. 2023ರಲ್ಲಿ ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ ಪದ್ಮಶ್ರೀ ಬಂತು.

ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ - ಈ ನಾಲ್ಕರ ವಿಷ ಒಣಗಿಸಿದ ಹುಡಿಯಾಗಿ ಮಹಾರಾಷ್ಟ್ರ, ತೆಲಂಗಾಣಗಳಲ್ಲಿರುವ ತಯಾರಕರ ಲಾಯಗಳಿಗೆ ಹೋಗುತ್ತದೆ. ಅಲ್ಲಿ ಮೊದಲ ಸಲ ಕುದುರೆಗೆ ಚುಚ್ಚುವ ವಿಷ ಅತ್ಯಲ್ಪ. ಅದರೊಂದಿಗೆ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆಣಕುವ ಇನ್ನೊಂದು ವಸ್ತು ಬೆರೆಸಿರುತ್ತಾರೆ. ಚುಚ್ಚುವುದು ಕತ್ತು, ಬೆನ್ನಿನ ಕಡೆ, ಚರ್ಮದ ಅಡಿಗೆ, ಹಲವು ಜಾಗಗಳಲ್ಲಿ ಹಂಚಿ. ಕಾಲಿಗೆ ಚುಚ್ಚುವುದಿಲ್ಲ. ಕಾರಣವನ್ನು ಮೇಲೆ ನೋಡಿದ್ದೇವೆ. ಚುಚ್ಚಿದಲ್ಲಿ ಒಮ್ಮೊಮ್ಮೆ ಬಾವು ಬರುತ್ತದೆ, ಕುರುವೂ ಆಗುತ್ತದೆ. ಕುದುರೆ ಚೇತರಿಸಿಕೊಂಡ ಮೇಲೆ ಮುಂದಿನ ಸಲ ವಿಷ ಸ್ವಲ್ಪ ಹೆಚ್ಚು. ತಿಂಗಳುಗಳು ಹೀಗೆ ಕಳೆಯುವಾಗ ಕುದುರೆಯ ರಕ್ತದಲ್ಲಿ ಪ್ರತಿಕಾಯಗಳು ತುಂಬಿಕೊಳ್ಳುತ್ತವೆ. ಆರಂಭದಲ್ಲಿ ಕೊಟ್ಟಿದ್ದರೆ ನೆಲಕ್ಕೆ ಬೀಳಿಸುತ್ತಿದ್ದ ವಿಷ ಈಗ ಅದಕ್ಕೆ ಏನೂ ಮಾಡದು.

ಆಮೇಲೆ ಕತ್ತಿನ ದೊಡ್ಡ ರಕ್ತನಾಳದಿಂದ ಕೆಲವು ಲೀಟರ್ ರಕ್ತ ತೆಗೆಯುತ್ತಾರೆ. ಕೆಂಪು ಕಣಗಳು ಕೆಳಗಿಳಿದು ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಒಳ್ಳೆಯ ಕ್ರಮವಿರುವಲ್ಲಿ ಕೆಂಪು ಕಣಗಳನ್ನು ಅದೇ ಕುದುರೆಗೆ ಹಿಂದಿರುಗಿಸುತ್ತಾರೆ. ಹಾಗೆ ಮಾಡಿದರೆ ಅದಕ್ಕೆ ರಕ್ತಹೀನತೆ ಬರುವುದಿಲ್ಲ. ಮತ್ತೆ ವಿಶ್ರಾಂತಿ, ಮೇವು, ಪುನಃ ವಿಷ. ಲಾಯಗಳೆಲ್ಲ ಒಂದೇ ರೀತಿ ಇರುವುದಿಲ್ಲ. ಕುದುರೆಗಳನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲವೆಂಬ ದೂರುಗಳು ನಮ್ಮ ದೇಶದಲ್ಲಿ ಕೇಳಿಬಂದದ್ದುಂಟು. ವಿಶ್ವ ಆರೋಗ್ಯ ಸಂಸ್ಥೆ ಪ್ರತಿವಿಷ ತಯಾರಿಕೆಗೆ ರೂಪಿಸಿದ ಮಾರ್ಗದರ್ಶಿಯಲ್ಲಿ ಕುದುರೆಯ ಆರೈಕೆಗೆ ವಿಸ್ತಾರವಾದ ಜಾಗ ಕೊಟ್ಟಿದೆ. ಸೊರಗಿದ ಕುದುರೆಯಿಂದ ಒಳ್ಳೆಯ ಪ್ರತಿವಿಷವೂ ಬರುವುದಿಲ್ಲ.

ಪ್ರತಿಕಾಯ ಇಂಗ್ಲಿಷಿನ 'ವೈ' ಅಕ್ಷರದ ಆಕಾರದ್ದು. ವಿಷವನ್ನು ಹಿಡಿಯುವುದು ಮೇಲಿನ ಎರಡು ತೋಳುಗಳು. ಕೆಳಗಿನ ಕಾಂಡ ನಮಗೆ ಬೇಡ, ಮನುಷ್ಯನ ಮೈಯಲ್ಲಿ ಒಗ್ಗದಿಕೆ ಉಂಟುಮಾಡುವುದರಲ್ಲಿ ಅದರ ಪಾಲು ದೊಡ್ಡದು. ಹಾಗಾಗಿ ಪೆಪ್ಸಿನ್ ಹಾಕಿ ಆ ಕಾಂಡವನ್ನು ಕತ್ತರಿಸುತ್ತಾರೆ. ಇದು ನಮ್ಮ ಜಠರದಲ್ಲಿ ಪ್ರೋಟೀನ್ ಅರಗಿಸುವ ಪೆಪ್ಸಿನ್ನೇ, ಎಂಟು-ಒಂಬತ್ತನೆಯ ತರಗತಿಯ ಮಕ್ಕಳು ಹೆಸರು ಕೇಳಿರುತ್ತಾರೆ. ಆಮೇಲೆ ಶೋಧಿಸಿ, ಹೆಪ್ಪುಗಟ್ಟಿಸಿ, ನೀರಿನಂಶವನ್ನು ಹೀರಿ ತೆಗೆದರೆ ಸೀಸೆಯ ಬಿಳಿ ಹುಡಿ ಸಿದ್ಧ. ಫ್ರಿಜ್ ಇಲ್ಲದ ಹಳ್ಳಿಯ ಆಸ್ಪತ್ರೆಯಲ್ಲೂ ಅದು ಕೆಡದೆ ಉಳಿಯುವುದು ಹೀಗೆ ಒಣಗಿಸಿದ್ದರಿಂದ.

ಎಷ್ಟು ಶುದ್ಧ ಮಾಡಿದರೂ ಅದು ಕುದುರೆಯ ಪ್ರೋಟೀನ್. ಕೆಲವರಿಗೆ ಮೈಯೆಲ್ಲ ದದ್ದು, ಉಬ್ಬಸ, ರಕ್ತದೊತ್ತಡ ಕುಸಿಯುವುದು ಆಗಬಹುದು. ವಾರ ಕಳೆದ ಮೇಲೆ ಜ್ವರ, ಕೀಲುನೋವು ಕಾಣಿಸುವುದೂ ಉಂಟು. ಅಡ್ರಿನಲಿನ್ ಚುಚ್ಚುಮದ್ದನ್ನು ಪಕ್ಕದಲ್ಲಿ ತುಂಬಿಟ್ಟುಕೊಂಡೇ ವೈದ್ಯರು ಪ್ರತಿವಿಷ ಆರಂಭಿಸುತ್ತಾರೆ. ಹಾವು ಕಚ್ಚಿತೆಂದ ಮಾತ್ರಕ್ಕೆ ಅದನ್ನು ಕೊಡದೆ, ವಿಷ ಏರಿದ ಲಕ್ಷಣ ಕಾಣುವವರೆಗೆ ಕಾಯುವುದೂ ಇದಕ್ಕೇ. ವಿಷದ ಹಾವು ಕಚ್ಚಿಯೂ ವಿಷ ಬಿಡದೆ ಇರುವುದು ಸಾಕಷ್ಟಿದೆ. ನಾಟಿ ಮದ್ದಿನಿಂದ ಗುಣವಾಯಿತೆಂಬ ಎಷ್ಟೋ ಕತೆಗಳ ಗುಟ್ಟು ಅಲ್ಲಿದೆ.

ಸೀಸೆಯ ಲೆಕ್ಕ

ಪ್ರತಿವಿಷದ ಒಂದು ಮಿಲಿಲೀಟರ್ ಕೊಳಕು ಮಂಡಲದ ಅಥವಾ ನಾಗರಹಾವಿನ 0.6 ಮಿಲಿಗ್ರಾಂ ವಿಷವನ್ನು, ಕಟ್ಟು ಹಾವು ಇಲ್ಲವೆ ಗರಗಸ ಮಂಡಲದ 0.45 ಮಿಲಿಗ್ರಾಂ ವಿಷವನ್ನು ಅಡಗಿಸಬೇಕು ಎಂಬುದು ನಿಯಮ. ಸೀಸೆಯಲ್ಲಿ ಹತ್ತು ಮಿಲಿಲೀಟರ್. ಅಂದರೆ ಒಂದು ಸೀಸೆ ಕೊಳಕು ಮಂಡಲದ 6 ಮಿಲಿಗ್ರಾಂ ವಿಷಕ್ಕೆ ಸಮ. ಕಡಿತದ ಸರಾಸರಿ 63 ಮಿಲಿಗ್ರಾಂ ಆದ್ದರಿಂದ ಮೊದಲಿಗೇ ಹತ್ತು ಸೀಸೆಯ ಲೆಕ್ಕ ಬಂತು. ಕೆಲವರಿಗೆ ಇಪ್ಪತ್ತು, ಅದಕ್ಕಿಂತ ಹೆಚ್ಚೂ ಬೇಕಾಗಬಹುದು.

ಎಷ್ಟು ಸಾಕು ಎಂದು ತಿಳಿಯಲು ವೈದ್ಯರಿಗೆ ದುಬಾರಿ ಯಂತ್ರ ಬೇಕಿಲ್ಲ. ರೋಗಿಯ ಎರಡು ಮಿಲಿಲೀಟರ್ ರಕ್ತವನ್ನು ಶುದ್ಧವಾದ, ಒಣಗಿದ ಗಾಜಿನ ಕೊಳವೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡುತ್ತಾರೆ. ಬಳಿಕ ವಾಲಿಸಿದಾಗ ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ ಎಂದರ್ಥ. ವಿಜ್ಞಾನದ ಅತಿ ಸರಳ, ಅತಿ ಉಪಯುಕ್ತ ಪರೀಕ್ಷೆಗಳಲ್ಲಿ ಇದೊಂದು. ಕೊಳವೆ ಗಾಜಿನದೇ ಆಗಬೇಕು, ಪ್ಲಾಸ್ಟಿಕ್ ಆಗದು. ಹೆಪ್ಪುಗಟ್ಟುವಿಕೆಯನ್ನು ಚುರುಕುಗೊಳಿಸುವುದು ಗಾಜಿನ ಮೇಲ್ಮೈ.

ಇನ್ನು ಆಸ್ಪತ್ರೆ ಮುಟ್ಟುವ ತನಕದ ಮಾತು. ಕಾಪುವಿನಿಂದ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗಾಗಲಿ ಮಣಿಪಾಲಕ್ಕಾಗಲಿ ಹೆಚ್ಚು ದೂರವಿಲ್ಲ. ಕಾರ್ಕಳದಿಂದ ಸುಮಾರು ಒಂದು ಗಂಟೆಯ ದಾರಿ. ಕಾರ್ಕಳದಲ್ಲೇ ತಾಲೂಕು ಆಸ್ಪತ್ರೆ ಇದೆ. ಕಷ್ಟವಿರುವುದು ದೂರದಲ್ಲಲ್ಲ, ಹೊರಡುವ ಮೊದಲು ಕಳೆದುಹೋಗುವ ಹೊತ್ತಿನಲ್ಲಿ. ಬೈರಾಸಿನಿಂದ ಕಾಲನ್ನು ಬಿಗಿದು ಕಟ್ಟುವುದು, ಬ್ಲೇಡಿನಿಂದ ಗೀರುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಬಿಗಿದು ಕಟ್ಟಿದರೆ ಮಂಡಲದ ವಿಷ ಒಂದೇ ಕಡೆ ನಿಂತು ಅಲ್ಲಿಯ ಮಾಂಸವನ್ನು ಕೊಳೆಸುತ್ತದೆ. ಕಾಲುಂಗುರ, ಗೆಜ್ಜೆ, ಬಳೆಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಮುರಿದ ಎಲುಬಿಗೆ ಮಾಡುವಂತೆ ಕಾಲಿಗೆ ಪಟ್ಟಿಯ ಆಸರೆ ಕೊಟ್ಟು, ನಡೆಸದೆ, ಮಲಗಿಸಿ ಸಾಗಿಸಬೇಕು. ಸ್ನಾಯು ಅಲುಗಿದಷ್ಟೂ ವಿಷ ಬೇಗ ಹರಡುತ್ತದೆ. ಕಟ್ಟು ಹಾವಿನ ಕಡಿತ ಇನ್ನೂ ಮೋಸದ್ದು. ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚಿದ್ದೇ ಗೊತ್ತಾಗದೆ, ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದ ಮಂಪರು ಮಾತ್ರ ಕಾಣಿಸಬಹುದು. ಮಗು ಬೆಳಗ್ಗೆದ್ದು ಕಣ್ಣು ತೆರೆಯಲಾಗುತ್ತಿಲ್ಲ ಎಂದರೆ ನಿದ್ದೆ ಸಾಕಾಗಿಲ್ಲವೆಂದು ಗದರಿಸಿ ಬಿಡಬಾರದು.

2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಮಂದಿ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಸ್ಪತ್ರೆಯ ಪುಸ್ತಕಗಳಲ್ಲಿ ದಾಖಲಾಗುತ್ತಿದ್ದದ್ದು ಇದರ ಸಣ್ಣ ಪಾಲು ಮಾತ್ರ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು 2024ರ ಫೆಬ್ರವರಿಯಲ್ಲಿ ಕರ್ನಾಟಕ ಆದೇಶ ಹೊರಡಿಸಿತು.

ಕುದುರೆ ಕಾಣದ ಹಾವು

ಈಗ ಜಾರ್ಜ್ ಲ್ಯಾಂಬ್‌ನ ಮಾತಿಗೆ ಮರಳೋಣ. ಸೀಸೆಯಲ್ಲಿರುವುದು ನಾಲ್ಕು ಹಾವುಗಳಿಗೆ ಮದ್ದು. ನಮ್ಮ ಘಟ್ಟದ ತಪ್ಪಲಿನಲ್ಲಿ ಐದನೆಯದೊಂದಿದೆ. ಉದ್ದ ಒಂದೂವರೆ ಅಡಿಯೊಳಗೆ. ಬಣ್ಣ ಒಣಗಿದ ಎಲೆಯದೇ. ಮೂತಿಯ ತುದಿ ಸ್ವಲ್ಪ ಮೇಲಕ್ಕೆ ಉಬ್ಬಿದೆ, ಕಣ್ಣು ಮತ್ತು ಮೂಗಿನ ನಡುವೆ ಸಣ್ಣ ಗುಳಿ. ಇಲಿಯ ಮೈಬಿಸಿಯನ್ನು ಕತ್ತಲಲ್ಲೂ ಅರಿಯುವ ಅಂಗ ಆ ಗುಳಿ. ಉಬ್ಬುಮೂತಿಯ ಗುಳಿಮಂಡಲ ಎನ್ನೋಣ. ರಬ್ಬರ್, ಅಡಿಕೆ, ಗೇರು ತೋಟಗಳ ತರಗೆಲೆಯ ನಡುವೆ ಸುರುಳಿ ಸುತ್ತಿ ಬಿದ್ದಿರುತ್ತದೆ. ಸೊಪ್ಪು ಗುಡಿಸುವ ಕೈಗೆ, ಹಾಲು ತೆಗೆಯಲು ನಸುಕಿನಲ್ಲಿ ರಬ್ಬರ್ ಮರದಿಂದ ಮರಕ್ಕೆ ಹೋಗುವ ಕಾಲಿಗೆ ಕಚ್ಚುತ್ತದೆ.

ಬಹಳ ಕಾಲ ಇದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. 2007ರಲ್ಲಿ ಕೇರಳದ ಅಂಗಮಾಲಿಯ ವೈದ್ಯರು ಮತ್ತು ಅವರ ಸಂಗಡಿಗರು ಇದರ ಕಡಿತದಿಂದ ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡ ಕೆಟ್ಟು ಜೀವಾಪಾಯಕ್ಕೆ ಸಿಲುಕಿದ ರೋಗಿಗಳ ವಿವರ ಪ್ರಕಟಿಸಿದರು. ಹಾವನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಿ ಸೀಸೆಗಟ್ಟಲೆ ಪ್ರತಿವಿಷ ಕೊಟ್ಟದ್ದೂ ಅದರಲ್ಲಿತ್ತು. ಪ್ರಯೋಜನವಾಗಲಿಲ್ಲ, ಆ ಕುದುರೆ ಈ ವಿಷವನ್ನು ಎಂದೂ ಕಂಡದ್ದೇ ಇಲ್ಲ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ತುರ್ತು ಚಿಕಿತ್ಸಾ ವಿಭಾಗದ ವೈದ್ಯರೂ ಕರಾವಳಿಯಲ್ಲಿ ಈ ಹಾವಿನ ಕಡಿತಗಳನ್ನು ಅಧ್ಯಯನ ಮಾಡಿದ್ದಾರೆ.

ಕಾಳಿಂಗ ಸರ್ಪದ ಕತೆಯೂ ಹೀಗೆಯೇ. ಆಗುಂಬೆಯ ಸುತ್ತ ಕೆಲಸ ಮಾಡುವ ಪಿ. ಗೌರಿಶಂಕರ್ ಅವರಿಗೆ ಕಾಳಿಂಗ ಕಚ್ಚಿದಾಗ ಥಾಯ್ಲೆಂಡಿನ ಕಾಳಿಂಗ ಪ್ರತಿವಿಷ ಕೊಟ್ಟರೂ ನಾಟಲಿಲ್ಲ. ಅವರು ಬದುಕಿದರು, ಆದರೆ ಪ್ರಶ್ನೆ ಉಳಿಯಿತು. ಅವರೂ ಸೇರಿದ ತಂಡದ ಸಂಶೋಧನೆಯಿಂದ ಕಾಳಿಂಗ ಒಂದಲ್ಲ, ನಾಲ್ಕು ಪ್ರಭೇದ ಎಂದು ಗೊತ್ತಾಯಿತು. ಪಶ್ಚಿಮ ಘಟ್ಟದ್ದಕ್ಕೆ 2024ರಲ್ಲಿ ನಮ್ಮ ಕನ್ನಡದ ಹೆಸರೇ ಸೇರಿ 'ಓಫಿಯೊಫಾಗಸ್ ಕಾಳಿಂಗ' ಎಂಬ ವೈಜ್ಞಾನಿಕ ನಾಮ ಬಂತು. ನಾಲ್ಕು ಹಾವುಗಳಲ್ಲೂ ಈ ತೊಡಕಿಲ್ಲದೆ ಇಲ್ಲ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಮದ್ದು ದೂರದ ಊರಿನ ಅದೇ ಜಾತಿಯ ಹಾವಿಗೆ ಅಷ್ಟೇ ಚೆನ್ನಾಗಿ ತಾಗುವುದಿಲ್ಲ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಮತ್ತು ಜೊತೆಗಾರರು 2019ರಿಂದೀಚೆ ಮತ್ತೆ ಮತ್ತೆ ತೋರಿಸಿದ್ದಾರೆ. ಪ್ರಾದೇಶಿಕ ಪ್ರತಿವಿಷ ಬೇಕೆಂಬ ಒತ್ತಾಯ ಹುಟ್ಟಿರುವುದು ಇದರಿಂದಲೇ.

ಹಾಗೆಂದು ಕಚ್ಚಿದ ಹಾವನ್ನು ಹೊಡೆದು ಪ್ಲಾಸ್ಟಿಕ್ ಚೀಲದಲ್ಲಿ ಆಸ್ಪತ್ರೆಗೆ ಹೊತ್ತೊಯ್ಯಬೇಕಿಲ್ಲ. ಹಾಗೆ ಹೋದವರಿಗೆ ಎರಡನೆಯ ಕಡಿತ ಬಿದ್ದದ್ದುಂಟು, ಸತ್ತ ಹಾವಿನ ತಲೆಯೂ ಕೆಲಹೊತ್ತು ಕಚ್ಚಬಲ್ಲದು. ದೂರದಿಂದ ಒಂದು ಚಿತ್ರ ತೆಗೆದುಕೊಂಡರೆ ಸಾಕು. ನಾಗಬನಕ್ಕೆ ಕೈಮುಗಿದು ಬಂದವರೇ ತೋಟದಲ್ಲಿ ಮಂಡಲ ಕಂಡರೆ ದೊಣ್ಣೆ ಎತ್ತುತ್ತಾರೆ. ಉಡುಪಿಯ ಉರಗತಜ್ಞ ಗುರುರಾಜ ಸನಿಲ್ ಅವರಂಥವರು ವರ್ಷಗಳಿಂದ ಬರೆದು, ಹೇಳಿ, ಹಾವು ಹಿಡಿದು ಕಾಡಿಗೆ ಬಿಟ್ಟು ತಿಳಿವಳಿಕೆ ಮೂಡಿಸುತ್ತ ಬಂದಿದ್ದರೂ ಈ ಅಭ್ಯಾಸ ಪೂರ್ತಿ ಹೋಗಿಲ್ಲ.

ಕುದುರೆಯೇ ಬೇಡದ ಪ್ರತಿವಿಷದ ಪ್ರಯತ್ನವೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು ಸೇರಿ ಪ್ರಯೋಗಾಲಯದಲ್ಲಿ ರೂಪಿಸಿದ ಒಂದು ಪ್ರತಿಕಾಯ ನಾಗರ, ಕಟ್ಟು ಹಾವು, ಕಾಳಿಂಗದಂಥ ಹಾವುಗಳ ನರವಿಷದಿಂದ ಇಲಿಗಳನ್ನು ಉಳಿಸಿತೆಂದು 2024ರಲ್ಲಿ ವರದಿಯಾಯಿತು. ಅದು ಮನುಷ್ಯರ ಆಸ್ಪತ್ರೆಗೆ ಬರಲು ಇನ್ನೂ ಪರೀಕ್ಷೆಗಳು ಆಗಬೇಕು. ಮಂಡಲ ಜಾತಿಯ ವಿಷ ಬೇರೆ ಬಗೆಯದಾದ್ದರಿಂದ ಅದಕ್ಕೆ ಅದು ನಾಟುವುದೂ ಇಲ್ಲ.

ಗುಳಿಮಂಡಲ ಕಚ್ಚಿ ಬಂದ ರೋಗಿಗೆ ವೈದ್ಯರು ನೋವಿಗೆ ಮದ್ದು ಕೊಟ್ಟು, ಕಾಲನ್ನು ಎತ್ತರಿಸಿಟ್ಟು, ಮೂತ್ರದ ಪ್ರಮಾಣ ಅಳೆಯುತ್ತ, ಬೇಕಾದರೆ ಡಯಾಲಿಸಿಸ್ ಮಾಡಿ, ದೇಹ ತಾನಾಗಿ ಚೇತರಿಸಿಕೊಳ್ಳುವುದನ್ನು ಕಾಯುತ್ತಾರೆ. ಕೆಲವು ಗಂಟೆಗೊಮ್ಮೆ ಮತ್ತೆ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿಟ್ಟು, ಇಪ್ಪತ್ತು ನಿಮಿಷ ಕಳೆದ ಮೇಲೆ ಮೆಲ್ಲನೆ ವಾಲಿಸಿ ನೋಡುತ್ತಾರೆ.